ಕೌಟುಂಬಿಕ ದೌರ್ಜನ್ಯ ತಡೆಯ ಸಂಶೋಧನೆಗೆ ಜೆಆರ್‌ಎಫ್ ಶಿಷ್ಯವೇತನ: ಬಳಸಿದವಳ ಅನುಭವ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕೆಲವು ಗ್ರಾಮಗಳಲ್ಲಿ ಕೌಟುಂಬಿಕ ದೌರ್ಜನ್ಯವನ್ನು ಮೊದಲೇ ತಡೆಯುವ ಬಗೆಯನ್ನು ಕುರಿತ ನನ್ನ ಪಿಎಚ್‌ಡಿ ಮಹಾಪ್ರಬಂಧವನ್ನು ಈಚೆಗೆ ಸಲ್ಲಿಸಿದ್ದೇನೆ. ಇಷ್ಟು ವರ್ಷ ನನ್ನ ಊಟ, ಬಾಡಿಗೆ, ಬಸ್ಸಿನ ಖರ್ಚು ನಡೆದದ್ದು ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ ಕೊಡುವ ಕಿರಿಯ ಸಂಶೋಧನಾ ಶಿಷ್ಯವೇತನದಿಂದ (ಜೆಆರ್‌ಎಫ್). ಮಂಗಳೂರಿನಲ್ಲಿ ಸಮಾಜಕಾರ್ಯ, ಸಮಾಜಶಾಸ್ತ್ರ ಓದುತ್ತಿರುವ ಹುಡುಗಿಯರು ಎಲ್ಲಾದರೂ ಸಿಕ್ಕಾಗ "ಅಕ್ಕ, ಇಂಥ ವಿಷಯಕ್ಕೆ ಜೆಆರ್‌ಎಫ್ ಸಾಕಾಗ್ತದಾ?" ಎಂದು ಕೇಳುತ್ತಾರೆ. ನಿಂತ ಕಾಲಲ್ಲಿ ಉತ್ತರಿಸಿ ಮುಗಿಸುವ ಪ್ರಶ್ನೆ ಅದಲ್ಲವಾದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸಂಶೋಧಕಿಯ ಹೊಟ್ಟೆಪಾಡನ್ನು ಈ ಶಿಷ್ಯವೇತನ ಚೆನ್ನಾಗಿಯೇ ನೋಡಿಕೊಳ್ಳುತ್ತದೆ, ಆದರೆ ಅವಳನ್ನು ನಂಬಿ ಬಾಯಿಬಿಡುವ ಹೆಂಗಸಿನ ಸುರಕ್ಷತೆಗೆಂದು ಅದರಲ್ಲಿ ಒಂದು ರೂಪಾಯಿಯ ಬಾಬತ್ತೂ ಇಲ್ಲ.

ಹಣದ ಲೆಕ್ಕ ಹೀಗಿದೆ. 2023ರ ಜನವರಿ 1ರಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆ ಬಳಿಕ ಸಮಿತಿಯೊಂದು ಕೆಲಸವನ್ನು ಪರಿಶೀಲಿಸಿ ಹಿರಿಯ ಶಿಷ್ಯವೇತನಕ್ಕೆ ಏರಿಸಿದರೆ 42,000 ರೂಪಾಯಿ ಸಿಗುತ್ತದೆ. ನಾನು ಸೇರಿದಾಗ ಇದು 31,000 ಮತ್ತು 35,000 ಇತ್ತು. ಒಟ್ಟು ಅವಧಿ ಐದು ವರ್ಷ. ಹಾಸ್ಟೆಲಿನಲ್ಲಿ ಇರದವರಿಗೆ ಊರಿನ ವರ್ಗಕ್ಕೆ ತಕ್ಕಂತೆ ಮನೆ ಬಾಡಿಗೆ ಭತ್ಯೆಯೂ ಉಂಟು. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30 ವರ್ಷವಾದರೂ ಮಹಿಳೆಯರಿಗೆ 5 ವರ್ಷದ ಸಡಿಲಿಕೆ ಇರುವುದರಿಂದ, ಮದುವೆ ಬಾಣಂತನಗಳ ನಡುವೆ ಓದು ಬಿಟ್ಟು ಮತ್ತೆ ಬಂದವರಿಗೂ ಅವಕಾಶವಿದೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿಯು ಸಂಶೋಧನಾರ್ಥಿನಿಯರಿಗೆ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಯನ್ನು ಕೊಡುತ್ತದೆ. ಶಿಷ್ಯವೇತನವಿಲ್ಲದೆ ಅತಿಥಿ ಉಪನ್ಯಾಸಕಿಯಾಗಿ ದಿನವಿಡೀ ಪಾಠ ಮಾಡಿ, ಭಾನುವಾರವಷ್ಟೇ ಕ್ಷೇತ್ರಕಾರ್ಯಕ್ಕೆ ಹೊರಡುತ್ತಿದ್ದ ಗೆಳತಿಯರನ್ನು ಹತ್ತಿರದಿಂದ ನೋಡಿದ್ದೇನೆ. ಭಾನುವಾರವೆಂದರೆ ಗಂಡಸರೆಲ್ಲ ಮನೆಯಲ್ಲಿರುವ ದಿನ. ನಮ್ಮ ವಿಷಯದಲ್ಲಿ ಕೆಲಸಕ್ಕೆ ಬಾರದ ದಿನ.

ಆದ್ದರಿಂದ ಈ ಹಣದಿಂದ ನನಗೆ ಸಿಕ್ಕಿದ ದೊಡ್ಡ ಲಾಭವೆಂದರೆ ಕಾಯುವುದಕ್ಕೆ ಬೇಕಾದ ಸಮಯ. ಒಂದು ಉದಾಹರಣೆ ಕೊಡುತ್ತೇನೆ; ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬೀಡಿ ಕಟ್ಟುವ ಒಬ್ಬ ಹೆಂಗಸಿನ ಮನೆಗೆ ನಾನು ಮೂರು ಸಲ ಹೋಗಿ ಬಂದರೂ ನೀರು, ರೇಷನ್, ಅಂಗನವಾಡಿಯ ಮಾತು ಬಿಟ್ಟು ಬೇರೇನೂ ಬರಲಿಲ್ಲ. ನಾಲ್ಕನೆಯ ಸಲ, ಮಧ್ಯಾಹ್ನದ ಹೊತ್ತಿಗೆ, ತಡ್ಪೆಯನ್ನು, ಅಂದರೆ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು ಎಲೆ ಕತ್ತರಿಸುತ್ತ, ತಲೆ ಎತ್ತದೆ, ಅವರು ಹಿಂದಿನ ವಾರದ ಸಂಗತಿಯನ್ನು ಹೇಳತೊಡಗಿದರು. ಬ್ರಾಂಚಿಗೆ ಬೀಡಿ ಕೊಟ್ಟು ಬಂದ ಹಣವನ್ನು ಗಂಡ ಕಿತ್ತುಕೊಂಡದ್ದು, ಕೊಡದ ದಿನ ಕೈ ತಿರುಚಿದ್ದು, ಆ ಕೈಯಲ್ಲಿ ಎರಡು ದಿನ ನೂಲು ಸುತ್ತಲಾಗದೆ ಬೀಡಿ ಕಡಿಮೆಯಾದದ್ದು, ಕಡಿಮೆಯಾಯಿತೆಂದು ಮತ್ತೆ ಪೆಟ್ಟು ಬಿದ್ದದ್ದು. ಅಷ್ಟರಲ್ಲಿ ಅಂಗಳದಲ್ಲಿ ಅತ್ತೆಯ ಚಪ್ಪಲಿಯ ಸದ್ದು ಕೇಳಿತು. ಅವರು ಮಾತು ನಿಲ್ಲಿಸಲಿಲ್ಲ. ಅದೇ ದನಿಯಲ್ಲಿ, ಉಸಿರೂ ಬದಲಾಗದಂತೆ, ಕಟ್ಟಿದ ಬೀಡಿಗಳನ್ನು ಎಣಿಸತೊಡಗಿದರು. ನಾನೂ ಪ್ರಶ್ನಾವಳಿಯ ಹಾಳೆ ಮಗುಚಿ, ಬಾವಿಯಲ್ಲಿ ಬೇಸಗೆಗೆ ನೀರು ನಿಲ್ಲುತ್ತದೆಯೇ ಎಂದು ಕೇಳಿದೆ. ಆ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲು ಇನ್ನೂ ಎರಡು ಭೇಟಿಗಳು ಬೇಕಾದವು. ತಿಂಗಳಿಗೆ ಇಷ್ಟು ಸಂದರ್ಶನ ಮುಗಿಸಲೇಬೇಕೆಂಬ ಒತ್ತಡದ ಗುತ್ತಿಗೆ ಯೋಜನೆಯೊಂದರಲ್ಲಿ ನಾನು ಇದ್ದಿದ್ದರೆ ಮೊದಲ ಭೇಟಿಯಲ್ಲೇ ಆ ಮನೆಯ ಹೆಸರಿನ ಎದುರು "ದೌರ್ಜನ್ಯ ಇಲ್ಲ" ಎಂದು ಗುರುತು ಹಾಕಿ ಮುಂದೆ ಹೋಗುತ್ತಿದ್ದೆ.

ಭಾಷೆಗೂ ಇದೇ ಸಮಯ ಬೇಕಾಯಿತು. ನನ್ನ ಪ್ರಶ್ನಾವಳಿ ಪುಸ್ತಕದ ಕನ್ನಡದಲ್ಲಿತ್ತು. ಎದುರಿಗೆ ಕೂತವರ ಮನೆಮಾತು ತುಳು, ಬ್ಯಾರಿ, ಕೊಂಕಣಿ. "ನಿಮಗೆ ಮನೆಯಲ್ಲಿ ಹಿಂಸೆ ಆಗಿದೆಯೇ?" ಎಂದರೆ "ಹಿಂಸೆ ಎಂತದ್ದೂ ಇಲ್ಲ ಮೇಡಂ" ಎನ್ನುತ್ತಿದ್ದರು. "ಪೆಟ್ಟು ಕೊಡುವುದುಂಟಾ?" ಎಂದರೆ "ಅದು ಎಲ್ಲ ಮನೆಯಲ್ಲಿಯೂ ಉಂಟಲ್ಲ" ಎಂಬ ಉತ್ತರ. ಹಿಂಸೆಯೆಂದರೆ ಪೇಪರಿನಲ್ಲಿ ಬರುವಂಥದ್ದು, ಪೆಟ್ಟು ಮನೆಯೊಳಗಿನದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಹಿಂಸೆ ಎಂಬ ಒಟ್ಟು ಪದವನ್ನು ಬಿಟ್ಟು ಕೆನ್ನೆಗೆ ಹೊಡೆದದ್ದು, ಕೈ ತಿರುಚಿದ್ದು, ಕೂದಲು ಹಿಡಿದು ಎಳೆದದ್ದು ಎಂದು ಒಂದೊಂದು ಕೃತ್ಯವನ್ನೇ ಹೆಸರಿಸಿ ಕೇಳುವುದು ಈ ಕಾರಣಕ್ಕೆ. ಆ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ 20.6 ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಐದನೆಯ ಸುತ್ತಿನಲ್ಲಿ ಅದು ಶೇ 44.4 ಆಯಿತು. ಅದೇ ಹೊತ್ತಿಗೆ ದೇಶದ ಸರಾಸರಿ ಶೇ 31.2ರಿಂದ 29.3ಕ್ಕೆ ಇಳಿದಿತ್ತು. ನಮ್ಮ ರಾಜ್ಯದಲ್ಲಿ ಹೆಚ್ಚಿದ್ದು ಹೊಡೆತವೋ, ಹೇಳುವ ಧೈರ್ಯವೋ, ಕೇಳುವ ರೀತಿಯೋ? ಈ ಒಂದು ಪ್ರಶ್ನೆಗೇ ಹತ್ತು ಪಿಎಚ್‌ಡಿಗಳು ಬೇಕು. ಹಿಂಸೆ ಅನುಭವಿಸಿದವರಲ್ಲಿ ನೆರವು ಕೇಳಿದವರು ದೇಶದಲ್ಲಿ ಶೇ 14 ಮಾತ್ರ. ಶೇ 77 ಮಂದಿ ಯಾರಿಗೂ ಹೇಳಿಯೇ ಇಲ್ಲ ಎಂಬುದನ್ನೂ ಅದೇ ಸಮೀಕ್ಷೆ ದಾಖಲಿಸಿದೆ.

ಜೆಆರ್‌ಎಫ್‌ನಲ್ಲಿ ವಿಷಯದ ಆಯ್ಕೆ ಪೂರ್ತಿಯಾಗಿ ನಮ್ಮದು, ಮತ್ತು ಇದು ನಾನು ಮನಸಾರೆ ಮೆಚ್ಚಿದ ಅಂಶ. ಕರಾವಳಿಯಲ್ಲಿ ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಸಾಗುವ ಪದ್ಧತಿಯ, ಹಿನ್ನೆಲೆಯಿರುವ ಮನೆಗಳಲ್ಲಿ ಹೆಣ್ಣಿಗೆ ತವರಿನ ಆಸರೆ ಗಟ್ಟಿ, ಆದ್ದರಿಂದ ಇಲ್ಲಿ ಹೊಡೆತ ಬಡಿತ ಕಡಿಮೆ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಬೇಕೆಂದು ನನಗೆ ಅನಿಸಿತು. ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಪ್ರದೀಪ್ ಪಂಡಾ ಮತ್ತು ಬೀನಾ ಅಗರ್ವಾಲ್ ಅವರು ತಿರುವನಂತಪುರ ಜಿಲ್ಲೆಯ ಸುಮಾರು 500 ವಿವಾಹಿತೆಯರನ್ನು ಮಾತನಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ಆಸ್ತಿಯೂ ಇಲ್ಲದ ಹೆಂಗಸರಲ್ಲಿ ಶೇ 49 ಮಂದಿ ದೀರ್ಘಕಾಲದ ದೈಹಿಕ ಹಿಂಸೆಯನ್ನು ಹೇಳಿಕೊಂಡರೆ, ತಮ್ಮ ಹೆಸರಿನಲ್ಲಿ ಜಮೀನು ಮತ್ತು ಮನೆ ಎರಡೂ ಇದ್ದವರಲ್ಲಿ ಅದು ಶೇ 7 ಮಾತ್ರ ಇತ್ತು. ನನ್ನ ಕ್ಷೇತ್ರಕಾರ್ಯದಲ್ಲಿ ನನಗೆ ಕಂಡದ್ದೂ ಇದಕ್ಕೆ ಹತ್ತಿರವೇ: ಕುಟುಂಬದ ಬಳಿ (ಗೋತ್ರದಂಥ ವಂಶದ ಗುರುತು) ಹೆಣ್ಣಿನ ಕಡೆಯಿಂದ ಬರುತ್ತದೆ ಎಂಬುದಕ್ಕಿಂತ, ಬೇಕೆಂದಾಗ ಹೋಗಿ ಬಾಗಿಲು ತೆಗೆಯಬಹುದಾದ ಒಂದು ಮನೆ ಅವಳಿಗೆ ಇದೆಯೇ ಎಂಬುದೇ ಮುಖ್ಯ. ತವರಿನ ಹೆಸರು ದೊಡ್ಡದಾಗಿದ್ದೂ ಅಣ್ಣಂದಿರು ಪಾಲಾಗಿ ಬೇರೆಯಾದ ಮೇಲೆ ಎಲ್ಲಿಗೂ ಹೋಗಲಾರದೆ ಉಳಿದವರನ್ನು ನಾನು ಭೇಟಿಯಾಗಿದ್ದೇನೆ.

ಇನ್ನು ಕೊರತೆಗಳ ಕಡೆಗೆ ಬರುತ್ತೇನೆ. ಕಂಟಿಂಜೆನ್ಸಿ ಎಂದು ಕರೆಯುವ ಇತರ ವೆಚ್ಚದ ಮೊತ್ತ ಸಮಾಜವಿಜ್ಞಾನದವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 10,000 ರೂಪಾಯಿ, ಆಮೇಲೆ ವರ್ಷಕ್ಕೆ 20,500 ರೂಪಾಯಿ. ಮೊದಲ ವರ್ಷಗಳ ಮೊತ್ತವನ್ನು ತಿಂಗಳಿಗೆ ಹಂಚಿದರೆ 833 ರೂಪಾಯಿ ಬರುತ್ತದೆ. ಪುಸ್ತಕ, ಜೆರಾಕ್ಸ್, ಪ್ರಯಾಣ, ಟೈಪಿಂಗ್ ಎಂಬ ತಲೆಬರಹಗಳಡಿ ಬಿಲ್ಲು ಹಾಕಬೇಕು. ಗ್ರಂಥಾಲಯದಲ್ಲಿ ಕೂತು ಬರೆಯುವ ವಿಷಯಕ್ಕೆ ಇದು ಹೊಂದಿಕೊಂಡೀತು. ನಮ್ಮ ವಿಷಯದ ಖರ್ಚುಗಳೇ ಬೇರೆ. ಮನೆಯಲ್ಲಿ ಮಾತನಾಡಲಾಗದವರನ್ನು ಆರೋಗ್ಯ ಕೇಂದ್ರದ ಪಕ್ಕದ ಕೋಣೆಗೋ ಸಂಘದ ಕಟ್ಟಡಕ್ಕೋ ಕರೆಸಿದರೆ ಅವರ ಬಸ್ಸಿನ ಹಣ ಕೊಡಬೇಕು. ಅರ್ಧ ದಿನದ ಬೀಡಿ ತಪ್ಪಿದ್ದಕ್ಕೆ ಏನಾದರೂ ಕೊಡಬೇಕು. ಜೊತೆಗೆ ಬಂದ ಮಗುವಿಗೆ ಬಿಸ್ಕೆಟು ಹಾಲು ಬೇಕು. ಮಾತು ಮುಗಿದ ಮೇಲೆ ಕುಸಿದು ಕೂತವರನ್ನು ಆಪ್ತಸಮಾಲೋಚಕಿಯ ಬಳಿಗೆ ಕರೆದೊಯ್ಯಲು ಆಟೋ ಬೇಕು. ಇವುಗಳಲ್ಲಿ ಒಂದಕ್ಕೂ ತಲೆಬರಹವಿಲ್ಲ. ಎಲ್ಲವೂ ನನ್ನ ಮಾಸಿಕ ಹಣದಿಂದಲೇ ಹೋಯಿತು.

ಇದರಲ್ಲಿ ಒಂದು ಸಂಗತಿಯನ್ನು ನಾನು ಇನ್ನೂ ಮರೆತಿಲ್ಲ. ನೆರವಿನ ದೂರವಾಣಿ ಸಂಖ್ಯೆಗಳನ್ನು ಭೇಟಿಯಾದ ಪ್ರತಿಯೊಬ್ಬರಿಗೂ ಕೊಡಲೇಬೇಕೆಂಬುದು ಈ ಸಂಶೋಧನೆಯ ಮೂಲ ಶಿಸ್ತು. ಆದರೆ "ದೌರ್ಜನ್ಯಕ್ಕೊಳಗಾದ ಮಹಿಳೆಯರ ಸಹಾಯವಾಣಿ" ಎಂದು ಅಚ್ಚಾದ ಚೀಟಿ ಗಂಡನ ಕೈಗೆ ಸಿಕ್ಕರೆ ಅದೇ ಮುಂದಿನ ಪೆಟ್ಟಿಗೆ ಕಾರಣವಾಗುತ್ತದೆ. ಆದ್ದರಿಂದ ನಾನು ಮತ್ತು ಮಾರ್ಗದರ್ಶಕಿ ಸೇರಿ "ಮನೆಗೆ ಬೇಕಾದ ನಂಬರುಗಳು" ಎಂಬ ಸಣ್ಣ ಕಾರ್ಡೊಂದನ್ನು ಮಾಡಿಸಿದೆವು: ಕರೆಂಟಿನ ದೂರಿಗೆ 1912, ಆಂಬ್ಯುಲೆನ್ಸಿಗೆ 108, ಮಕ್ಕಳಿಗೆ 1098, ತುರ್ತಿಗೆ 112, ಅವುಗಳ ನಡುವೆ ಯಾವ ವಿವರಣೆಯೂ ಇಲ್ಲದ 181. ಆ 181 ಮಹಿಳಾ ಸಹಾಯವಾಣಿಯದು ಎಂಬುದನ್ನು ಬಾಯಲ್ಲಿ ಹೇಳುತ್ತಿದ್ದೆ. ಅತ್ತೆಯಂದಿರೇ ಅದನ್ನು ಸಂತೋಷದಿಂದ ಫ್ರಿಜ್ಜಿನ ಮೇಲೆ, ಗೋದ್ರೆಜಿನ ಬಾಗಿಲಿಗೆ ಅಂಟಿಸಿದರು. ಆ ಕಾರ್ಡಿನ ಮುದ್ರಣದ ಬಿಲ್ಲು ಕಚೇರಿಯಿಂದ ಎರಡು ಸಲ ವಾಪಸು ಬಂತು. ಇದು ಲೇಖನ ಸಾಮಗ್ರಿಯೂ ಅಲ್ಲ, ಸಂಶೋಧನಾ ಸಲಕರಣೆಯೂ ಅಲ್ಲ ಎಂಬುದು ಅದರ ಮೇಲಿದ್ದ ಷರಾ. ನನ್ನ ಐದು ವರ್ಷದ ಕೆಲಸದಲ್ಲಿ ನೇರವಾಗಿ ಹೆಂಗಸರ ಕೈಗೆ ತಲುಪಿದ ವಸ್ತು ಅದೊಂದೇ ಆಗಿತ್ತು.

ಹಣ ಬರುವ ಕ್ರಮದಲ್ಲೂ ಎಚ್ಚರ ಬೇಕು. ಸಂಶೋಧನಾರ್ಥಿ ಕೆಲಸದಲ್ಲಿದ್ದಾಳೆಂದು ಸಂಸ್ಥೆಯವರು ಪ್ರತಿ ತಿಂಗಳೂ ಜಾಲತಾಣದಲ್ಲಿ ದೃಢೀಕರಿಸಬೇಕು. ಅದು ತಪ್ಪಿದರೆ ಆ ತಿಂಗಳ ಹಣವಿಲ್ಲ. ನನ್ನ ವಿಷಯದಲ್ಲಿ, ಆ ಕೆಲಸ ನೋಡುತ್ತಿದ್ದವರು ವರ್ಗವಾಗಿ ಹೋದ ಮೇಲೆ ನಾಲ್ಕು ತಿಂಗಳು ಯಾರೂ ಅದನ್ನು ಮುಟ್ಟಲಿಲ್ಲ. ನಾಲ್ಕು ತಿಂಗಳ ಬಾಡಿಗೆಗೆ ಅಮ್ಮನ ಬಳೆ ಸೊಸೈಟಿಯಲ್ಲಿ ಅಡವಿಟ್ಟೆ. ಹಣ ಆಮೇಲೆ ಒಟ್ಟಿಗೆ ಬಂತು, ಬಳೆಯನ್ನೂ ಬಿಡಿಸಿಕೊಂಡೆ. ಆದರೆ ಆ ನಾಲ್ಕು ತಿಂಗಳು ನಾನು ಹಳ್ಳಿಗೆ ಹೋಗಲಾಗಲಿಲ್ಲ, ಮತ್ತೆ ಬರುತ್ತೇನೆಂದು ಹೇಳಿ ಬಂದ ಮನೆಗಳಲ್ಲಿ ನನ್ನ ಮಾತು ಸುಳ್ಳಾಯಿತು. ಬೇರೆ ವಿಷಯದಲ್ಲಿ ವಿಳಂಬವೆಂದರೆ ವಿಳಂಬ ಮಾತ್ರ. ಇಲ್ಲಿ, ಗುಟ್ಟು ಹೇಳಿಕೊಂಡವರಿಗೆ ಅದು ಕೈಬಿಟ್ಟಂತೆ ಕಾಣುತ್ತದೆ.

ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಎಥಿಕ್ಸ್ ಕಮಿಟಿಯ ಹಂತದ ಬಗ್ಗೆ ಯಾರೂ ನನಗೆ ಮೊದಲೇ ಹೇಳಿರಲಿಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿಯೇ ಈ ಬಗೆಯ ಸಂಶೋಧನೆಗೆ ಸುರಕ್ಷತೆಯ ಮಾರ್ಗಸೂಚಿಯನ್ನು ಕೊಟ್ಟಿದೆ: ಒಂದು ಮನೆಯಿಂದ ಒಬ್ಬ ಮಹಿಳೆಯನ್ನು ಮಾತ್ರ ಮಾತನಾಡಿಸಬೇಕು, ಮಾತು ಏಕಾಂತದಲ್ಲೇ ನಡೆಯಬೇಕು, ಊರಿನಲ್ಲಿ ಅಧ್ಯಯನವನ್ನು ದೌರ್ಜನ್ಯದ ಹೆಸರಿನಲ್ಲಿ ಪರಿಚಯಿಸಬಾರದು. ನಾವು "ಮಹಿಳೆಯರ ಆರೋಗ್ಯ ಮತ್ತು ದುಡಿಮೆ" ಎಂದು ಹೇಳುತ್ತಿದ್ದೆವು. ಆದರೆ ಕಮಿಟಿಯವರು ಒಪ್ಪಿಗೆ ಪತ್ರಕ್ಕೆ ಸಹಿ ಬೇಕು, ಅದರ ಒಂದು ಪ್ರತಿಯನ್ನು ಮಹಿಳೆಗೆ ಕೊಡಲೇಬೇಕು ಎಂದು ಹಟ ಹಿಡಿದರು. ಆ ಪ್ರತಿ ಮನೆಯಲ್ಲಿ ಉಳಿಯುವುದೇ ಅಪಾಯ ಎಂದು ತಿಳಿಸಿ ಹೇಳಲು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಮೌಖಿಕ ಒಪ್ಪಿಗೆಗೆ ಇರುವ ಅವಕಾಶವನ್ನು ತೋರಿಸಲು, ಮೂರು ಸಭೆಗಳು ಬೇಕಾದವು. ಅವರ ಕಾಳಜಿ ಸುಳ್ಳೆಂದು ನಾನು ಹೇಳುವುದಿಲ್ಲ. ಆಸ್ಪತ್ರೆಯ ಔಷಧ ಪ್ರಯೋಗಕ್ಕೆ ಹೊಲಿದ ಅಂಗಿಯನ್ನು ನಮಗೂ ತೊಡಿಸಿದರು ಎಂಬುದಷ್ಟೇ ನನ್ನ ದೂರು. ಇನ್ನೊಂದು ವಿಷಯವನ್ನು ಮಾತ್ರ ಅವರೇ ನನಗೆ ಕಲಿಸಿದರು: 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ, ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ ಸಂಶೋಧಕಿಯೂ ಪೊಲೀಸರಿಗೆ ತಿಳಿಸಲೇಬೇಕು. "ನೀವು ಹೇಳಿದ್ದು ಯಾರಿಗೂ ತಿಳಿಯುವುದಿಲ್ಲ" ಎಂದು ಮಾತು ಕೊಡುವ ಮೊದಲು ಈ ಒಂದು ಮಿತಿಯನ್ನು ಬಿಡಿಸಿ ಹೇಳಬೇಕು. ಅದನ್ನು ಹೇಳಿದ ಮೇಲೆ ಒಬ್ಬ ತಾಯಿ ತುಂಬ ಹೊತ್ತು ಸುಮ್ಮನಿದ್ದು, "ಹಾಗಾದರೆ ಇವತ್ತು ಬೇಡ" ಎಂದು ಎದ್ದು ಹೋದರು. ಮುಂದಿನ ವಾರ ಅವರಾಗಿಯೇ ಫೋನ್ ಮಾಡಿದರು.

ಶಿಷ್ಯವೇತನದ ಹೊರಗಿದ್ದೂ ಅದರ ಫಲವನ್ನು ನಿರ್ಧರಿಸುವುದು ಜಿಲ್ಲೆಯ ಸೇವಾ ವ್ಯವಸ್ಥೆ. 2005ರಲ್ಲಿ ರೂಪುಗೊಂಡು 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯು ದೈಹಿಕ ಹಿಂಸೆಯ ಜೊತೆಗೆ ಲೈಂಗಿಕ, ಮಾತಿನ, ಮಾನಸಿಕ ಮತ್ತು ಆರ್ಥಿಕ ಹಿಂಸೆಯನ್ನೂ ಒಳಗೊಂಡಿದೆ. ಬೀಡಿಯ ಹಣ ಕಿತ್ತುಕೊಂಡದ್ದೂ ಅದರೊಳಗೆ ಬರುತ್ತದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು, ಅಂದರೆ ಅಂಗನವಾಡಿಗಳ ಉಸ್ತುವಾರಿಯ ನಡುವೆ ಈ ಕೆಲಸವನ್ನೂ ಮಾಡುವವರು. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ಆಗಬೇಕು, 60 ದಿನಗಳಲ್ಲಿ ಇತ್ಯರ್ಥಪಡಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಹಿಂಸೆಗೊಳಗಾದ ಮಹಿಳೆಯರಿಗೆ ಎಲ್ಲ ನೆರವೂ ಒಂದೇ ಕಡೆ ಸಿಗಲೆಂದು ಇರುವ ಸಖಿ ಏಕ ನಿಲುಗಡೆ ಕೇಂದ್ರಗಳಲ್ಲಿ ತಾತ್ಕಾಲಿಕ ಆಶ್ರಯ ಐದು ದಿನಗಳವರೆಗೆ. ಸಂಶೋಧಕಿಯಾಗಿ ಹೊರಡುವವರು ಈ ಕಚೇರಿಗಳಿಗೆ ಮೊದಲು ಹೋಗಿ, ಅಲ್ಲಿ ಕೆಲಸ ಮಾಡುವವರ ಪರಿಚಯ ಮಾಡಿಕೊಂಡು, ಆಮೇಲೆ ಹಳ್ಳಿಗೆ ಹೋಗಬೇಕೆಂದು ನನ್ನ ಗಟ್ಟಿಯಾದ ಸಲಹೆ. ಸಮಾಜಕಾರ್ಯದ ಶಿಕ್ಷಣ 1960ರಿಂದ, ರೋಶನಿ ನಿಲಯವೆಂಬ ಸಮಾಜಕಾರ್ಯ ಕಾಲೇಜಿನ ಕಾಲದಿಂದ, ನಡೆದುಬಂದ ಊರು ಮಂಗಳೂರು. ಕೇಳಿದರೆ ದಾರಿ ಹೇಳುವ ಹಿರಿಯ ಕಾರ್ಯಕರ್ತೆಯರು ಇಲ್ಲಿ ಸಿಗುತ್ತಾರೆ.

ತಡೆ ಎಂಬ ಪದಕ್ಕೂ ಐದು ವರ್ಷಕ್ಕೂ ಹೊಂದಾಣಿಕೆ ಕಷ್ಟ. ಮೊದಲ ವರ್ಷ ಕೋರ್ಸ್‌ವರ್ಕ್ ಮತ್ತು ಸಾರಲೇಖದಲ್ಲಿ ಕಳೆಯುತ್ತದೆ, ಕೊನೆಯ ವರ್ಷ ಬರವಣಿಗೆಯಲ್ಲಿ. ನಡುವೆ ಉಳಿದ ಕಾಲದಲ್ಲಿ, ನಡೆಯದೇ ಹೋದ ಹಿಂಸೆಯನ್ನು ಅಳೆದು ತೋರಿಸಬೇಕು. ಮೇಲಾಗಿ ಊರಿನಲ್ಲಿ ಮಾತುಕತೆ ಆರಂಭವಾದೊಡನೆ ಹೇಳಿಕೊಳ್ಳುವವರ ಸಂಖ್ಯೆ ಮೊದಲು ಏರುತ್ತದೆ, ಇಳಿಯುವುದು ಬಹಳ ತಡವಾಗಿ. ಉಗಾಂಡದ ಕಂಪಾಲದಲ್ಲಿ ಊರವರೇ ನಡೆಸಿದ ಸಾಸಾ ಎಂಬ ಕಾರ್ಯಕ್ರಮದ ಫಲಿತಾಂಶ 2014ರಲ್ಲಿ ಪ್ರಕಟವಾದಾಗ, ಅದು ನಡೆದ ಬಡಾವಣೆಗಳಲ್ಲಿ ಸಂಗಾತಿಯ ದೈಹಿಕ ಹಿಂಸೆ ಉಳಿದೆಡೆಗಿಂತ ಶೇ 52 ಕಡಿಮೆಯಿತ್ತು. ಆದರೆ ಅದರ ಹಿಂದೆ ಒಂದು ಸಂಸ್ಥೆ, ದೊಡ್ಡ ತಂಡ, ವರ್ಷಗಟ್ಟಲೆ ಪಳಗಿದ ಊರಿನ ಕಾರ್ಯಕರ್ತರು ಇದ್ದರು. ಆಸ್ಟ್ರೇಲಿಯದಲ್ಲಿ 2022ರಿಂದ 2032ರವರೆಗಿನ ರಾಷ್ಟ್ರೀಯ ಯೋಜನೆಯೊಂದು ತಡೆ, ಆರಂಭದ ಮಧ್ಯಪ್ರವೇಶ, ಸ್ಪಂದನೆ, ಚೇತರಿಕೆ ಎಂದು ಕೆಲಸವನ್ನು ವಿಂಗಡಿಸಿಕೊಂಡಿದ್ದು, ಅಲ್ಲಿನ ವಿಶ್ವವಿದ್ಯಾಲಯಗಳು ಗೃಹ, ಕುಟುಂಬ ಮತ್ತು ಲೈಂಗಿಕ ಹಿಂಸೆಯ ತಡೆಗೆಂದೇ ಪಿಎಚ್‌ಡಿ ಶಿಷ್ಯವೇತನಗಳನ್ನು ಪ್ರಕಟಿಸುತ್ತವೆ. ಅಂಥ ಕಡೆ ವಿಷಯ ಮೊದಲೇ ನಿಗದಿಯಾಗಿರುತ್ತದೆ, ಜೊತೆಗೆ ತಂಡವೂ ಇರುತ್ತದೆ. ನಮ್ಮಲ್ಲಿ ವಿಷಯದ ಸ್ವಾತಂತ್ರ್ಯವಿದೆ, ತಂಡವಿಲ್ಲ. ನನಗೆ ಎರಡೂ ಬೇಕಿತ್ತು.

ಕೇಳಿದ್ದು ನಮ್ಮೊಳಗೆ ಉಳಿದುಬಿಡುತ್ತದೆ ಎಂಬುದನ್ನೂ ಹೇಳಬೇಕು. ಒಂದು ಮಳೆಗಾಲ ಪೂರ್ತಿ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆರು ತಿಂಗಳಿಗೊಮ್ಮೆ ಸೇರುವ ಸಲಹಾ ಸಮಿತಿ ಎಷ್ಟು ಅಧ್ಯಾಯ ಮುಗಿಯಿತು ಎಂದು ಕೇಳುತ್ತದೆ. ಹೇಗಿದ್ದೀಯ ಎಂದು ಕೇಳಿದ್ದು ನನ್ನ ಮಾರ್ಗದರ್ಶಕಿ ಮಾತ್ರ. ದಿನಕ್ಕೆ ಎರಡಕ್ಕಿಂತ ಹೆಚ್ಚು ಸಂದರ್ಶನ ಮಾಡಕೂಡದು, ಪ್ರತಿ ಶನಿವಾರ ಬಂದು ತನ್ನೆದುರು ಕೂತು ಮಾತನಾಡಬೇಕು ಎಂದು ಅವರು ಕಟ್ಟುಮಾಡಿದರು. ಮಾರ್ಗದರ್ಶಕರನ್ನು ಆರಿಸುವಾಗ ಅವರ ಪ್ರಕಟಣೆಗಳ ಪಟ್ಟಿಯ ಜೊತೆಗೆ, ಅವರ ಹಿಂದಿನ ವಿದ್ಯಾರ್ಥಿನಿಯರನ್ನು ಕಂಡು ಮಾತನಾಡಿ. ಸೇರುವ ಮೊದಲೇ, ಕ್ಷೇತ್ರಕಾರ್ಯದಲ್ಲಿ ಭಾಗವಹಿಸುವವರ ಪ್ರಯಾಣ ವೆಚ್ಚವನ್ನು ಯಾವ ತಲೆಬರಹದಡಿ ಕೊಡುತ್ತಾರೆ, ಮಾಸಿಕ ದೃಢೀಕರಣ ಮಾಡುವವರು ರಜೆಯಲ್ಲಿದ್ದಾಗ ಆ ಕೆಲಸ ಯಾರದು ಎಂದು ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ. ಇಷ್ಟು ಮಾಡಿಕೊಂಡರೆ ನೆಟ್, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಬರೆದು ಈ ಶಿಷ್ಯವೇತನ ಪಡೆಯುವುದನ್ನು ನಾನು ಖಂಡಿತ ಶಿಫಾರಸು ಮಾಡುತ್ತೇನೆ.

ಕಂಟಿಂಜೆನ್ಸಿಯಿಂದ ಕೊಂಡ ಸಲಕರಣೆಯನ್ನು ಕೊನೆಗೆ ವಿಭಾಗಕ್ಕೆ ಒಪ್ಪಿಸಬೇಕೆಂಬುದು ನಮ್ಮಲ್ಲಿನ ಕ್ರಮ. ಪ್ರಬಂಧ ಸಲ್ಲಿಸಿದ ಮರುದಿನ ಧ್ವನಿಮುದ್ರಕದಲ್ಲಿ ಉಳಿದಿದ್ದ ಕಡತಗಳನ್ನು ಮಾರ್ಗದರ್ಶಕಿಯ ಎದುರಿನಲ್ಲೇ ಒಂದೊಂದಾಗಿ ಅಳಿಸಿದೆ. ಸಂಖ್ಯೆಗಳಷ್ಟೇ ಇದ್ದ ಆ ಪಟ್ಟಿಯಲ್ಲಿ ಯಾವುದು ಯಾರ ದನಿ ಎಂಬುದು ನನಗೆ ನೋಡದೆಯೇ ಗೊತ್ತಿತ್ತು. ಸ್ಟೋರಿನ ಗುಮಾಸ್ತರು ಅದನ್ನು ಒಮ್ಮೆ ಚಾಲೂ ಮಾಡಿ, ಖಾಲಿಯಿರುವುದನ್ನು ನೋಡಿ, ದಾಖಲೆ ಪುಸ್ತಕದಲ್ಲಿ "ಧ್ವನಿಮುದ್ರಕ 1, ಸುಸ್ಥಿತಿ" ಎಂದು ಬರೆದುಕೊಂಡು ನನ್ನ ಸಹಿ ಪಡೆದರು.